ಅಪರಾಧ ನ್ಯಾಯದ ನೈತಿಕತೆ: ಹಾವೇರಿ ಸೀಮೆಯಿಂದ ಲೇಖನಸೂಚಿಗಳ ಬಳಕೆ

ಅಪರಾಧ ನ್ಯಾಯದ ನೈತಿಕತೆ ಎಂದರೆ ಪೊಲೀಸರು, ಸರ್ಕಾರಿ ಅಭಿಯೋಜಕರು, ವಕೀಲರು, ನ್ಯಾಯಾಧೀಶರು, ಜೈಲು ಅಧಿಕಾರಿಗಳು ತಮ್ಮ ಕೈಯಲ್ಲಿರುವ ಅಧಿಕಾರವನ್ನು ಹೇಗೆ ಚಲಾಯಿಸಬೇಕು, ಎಲ್ಲಿ ಕೈ ತಡೆಯಬೇಕು ಎಂದು ವಿಚಾರಿಸುವ ಅಧ್ಯಯನ. ಗುಂಪಿನ ಮೇಲೆ ಗುಂಡು ಹಾರಿಸುವುದು ಯಾವಾಗ ಸಮರ್ಥನೀಯ, ಆರೋಪಿಯ ಬಾಯಿ ಬಿಡಿಸಲು ಸುಳ್ಳು ಹೇಳಬಹುದೇ, ಊರು ಸಿಟ್ಟಿಗೆದ್ದಿದೆ ಎಂದು ವಕೀಲ ಒಬ್ಬನ ವಕಾಲತ್ತನ್ನು ನಿರಾಕರಿಸಬಹುದೇ ಎಂಬಂಥ ಪ್ರಶ್ನೆಗಳು ಇದರಲ್ಲಿ ಬರುತ್ತವೆ. ಇವನ್ನು ಕುರಿತ ವಿದ್ವತ್ ಲೇಖನಗಳು ಒಂದೇ ಕಡೆ ಸಿಗುವುದಿಲ್ಲ. ಕಾನೂನು, ತತ್ತ್ವಶಾಸ್ತ್ರ, ಅಪರಾಧಶಾಸ್ತ್ರ, ಸಮಾಜಶಾಸ್ತ್ರ, ಪೊಲೀಸ್ ಆಡಳಿತ ಹೀಗೆ ಹಲವು ಶಾಸ್ತ್ರಗಳ ನಿಯತಕಾಲಿಕೆಗಳಲ್ಲಿ ಅವು ಚದುರಿವೆ. ಯಾವ ಲೇಖನ ಯಾವ ಪತ್ರಿಕೆಯ ಯಾವ ಸಂಪುಟದಲ್ಲಿದೆ ಎಂದು ವಿಷಯವಾರು ತೋರಿಸುವ ಲೇಖನಸೂಚಿಗಳಿಲ್ಲದೆ ಈ ಕ್ಷೇತ್ರದಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪಟ್ಟಣಗಳ ವಿದ್ಯಾರ್ಥಿ, ವಕೀಲ, ಪತ್ರಕರ್ತರಿಗೆ ಇದು ದೂರದ ವಿಷಯವಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಮತ್ತು ಅವರ ಇಬ್ಬರು ಸಂಗಾತಿಗಳು ಪೊಲೀಸರ ಗುಂಡಿಗೆ ಬಲಿಯಾದರು. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಸತ್ತರು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿಯ ಎಪಿಎಂಸಿ ಕಚೇರಿಯ ಮೇಲೆ ದಾಳಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು, ಆಮೇಲೆ ಹಲವರ ಬಂಧನವಾಯಿತು. ಮೂರೂ ಸಂದರ್ಭಗಳಲ್ಲಿ ಕೇಳಬೇಕಾದ ಪ್ರಶ್ನೆಗಳು ಪಠ್ಯಪುಸ್ತಕದ ಪ್ರಶ್ನೆಗಳೇ. ಉತ್ತರ ಹುಡುಕುವ ದಾರಿ ಮಾತ್ರ ಊರಿನ ಹೆಸರಿನಿಂದ ಶುರುವಾಗುವುದಿಲ್ಲ.

ಊರಿನ ಹೆಸರು ಎಲ್ಲಿಗೆ ಒಯ್ಯುತ್ತದೆ

ಅಂತರರಾಷ್ಟ್ರೀಯ ಸೂಚಿಗಳಲ್ಲಿ ‘ಬ್ಯಾಡಗಿ’ ಎಂದು ಹುಡುಕಿದರೆ ಮೆಣಸಿನಕಾಯಿಯ ಬಣ್ಣ, ಖಾರ, ಓಲಿಯೋರೆಸಿನ್ ಕುರಿತ ಕೃಷಿ ಮತ್ತು ಆಹಾರ ವಿಜ್ಞಾನದ ಪ್ರಬಂಧಗಳು ಎದುರಾಗುತ್ತವೆ. ‘ರಾಣೇಬೆನ್ನೂರು’ ಎಂದರೆ ಕೃಷ್ಣಮೃಗ ಅಭಯಾರಣ್ಯ. ಅಪರಾಧ ನ್ಯಾಯಕ್ಕೆ ಸಂಬಂಧಪಟ್ಟ ಲೇಖನಗಳನ್ನು ಸೂಚಿಕಾರರು ಊರಿನ ಹೆಸರಿನಡಿ ಇಡುವುದು ಅಪರೂಪ. ಅವರ ವಿಂಗಡಣೆ ಪರಿಕಲ್ಪನೆ, ಕಾನೂನಿನ ಕಲಂ, ಮೊಕದ್ದಮೆಯ ಹೆಸರುಗಳ ಮೇಲೆ ನಿಂತಿರುತ್ತದೆ.

ಊರಿನ ಹೆಸರು ಬೇಕೇ ಬೇಕಾದರೆ ಅದರ ಹಳೆಯ ವೇಷಗಳನ್ನೂ ತಿಳಿದಿರಬೇಕು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಅದಕ್ಕೂ ಹಿಂದಿನದೆಲ್ಲ ಧಾರವಾಡ ಜಿಲ್ಲೆಯ ಲೆಕ್ಕ. ಇಂಗ್ಲಿಷಿನ ಹಳೆಯ ಬರಹಗಳಲ್ಲಿ ಆ ಹೆಸರು ‘ಧಾರವಾರ್’ ಎಂದು ರೇಫದಲ್ಲಿ ಮುಗಿಯುತ್ತದೆ. 1956ರ ನವೆಂಬರ್ 1ಕ್ಕಿಂತ ಮೊದಲು ಈ ಸೀಮೆಯ ಮೇಲ್ಮನವಿಗಳು ಹೋಗುತ್ತಿದ್ದುದು ಬಾಂಬೆ ಹೈಕೋರ್ಟಿಗೆ, ಆಮೇಲೆ ಮೈಸೂರು ಹೈಕೋರ್ಟಿಗೆ. ‘ಕರ್ನಾಟಕ’ ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರಲ್ಲಿ. ಹಾಗಾಗಿ ಹೊಸರಿತ್ತಿಯ ಘಟನೆಯ ಹಿನ್ನೆಲೆ ಹುಡುಕುವವರು ‘ಕರ್ನಾಟಕ’ ಎಂದು ಬರೆದು ಕೂತರೆ ಬಾಂಬೆ ಪ್ರಾಂತ್ಯದ ಅರ್ಧ ಸಾಹಿತ್ಯ ಕಣ್ಣಿಗೇ ಬೀಳುವುದಿಲ್ಲ. ಬ್ಯಾಡಗಿ, ರಾಣೇಬೆನ್ನೂರುಗಳ ಇಂಗ್ಲಿಷ್ ಕಾಗುಣಿತವಂತೂ ಒಬ್ಬೊಬ್ಬರದು ಒಂದೊಂದು ಬಗೆ.

ಇತ್ತೀಚಿನ ತೀರ್ಪುಗಳಲ್ಲಿ ಮಾತ್ರ ಸೀಮೆಯ ಗುರುತು ಸುಲಭ. ಹಾವೇರಿ ಜಿಲ್ಲೆಯ ಪ್ರಕರಣಗಳು ಹೋಗುವ, ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾಯಿತು. ಹೈಕೋರ್ಟು ಈಗ ಕೊಡುವ ತಟಸ್ಥ ಉಲ್ಲೇಖ ಸಂಖ್ಯೆಯಲ್ಲಿ ಈ ಪೀಠದ ತೀರ್ಪುಗಳಿಗೆ ‘ಕೆಎಚ್‌ಸಿ-ಡಿ’ ಎಂಬ ಗುರುತಿರುತ್ತದೆ.

ಸೂಚಿಗಳು ಬೆಳೆದ ಬಗೆ

ಇಂದಿನ ಉಲ್ಲೇಖಸೂಚಿಗಳ ಮೂಲ ಇರುವುದು ವಕೀಲರ ಕಪಾಟಿನಲ್ಲಿ ಎಂಬುದು ಈ ವಿಷಯದ ಓದುಗರಿಗೆ ಖುಷಿ ಕೊಡುವ ಸಂಗತಿ. 1873ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ, ಒಂದು ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂದು ತಿಳಿಸುವ ಅಂಟುಚೀಟಿಗಳನ್ನು ಅಚ್ಚು ಹಾಕಿ ಮಾರತೊಡಗಿದ. ವಕೀಲರು ಅವನ್ನು ಕಾನೂನು ವರದಿಗಳ ಅಂಚಿನಲ್ಲಿ ಅಂಟಿಸಿಕೊಳ್ಳುತ್ತಿದ್ದರು. ಶೆಪರ್ಡ್ ಸಂಸ್ಥೆಯ ಈ ಪದ್ಧತಿಯನ್ನು ಕಂಡು ಯೂಜಿನ್ ಗಾರ್‌ಫೀಲ್ಡ್ 1955ರಲ್ಲಿ ವಿಜ್ಞಾನಕ್ಕೂ ಇಂಥದೇ ಸೂಚಿ ಬೇಕೆಂದು ವಾದಿಸಿದರು, 1964ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಹೊರತಂದರು. ‘ಈ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ’ ಎಂದು ಇಂದು ಗೂಗಲ್ ಸ್ಕಾಲರ್ ತೋರಿಸುವ ಸಾಲಿನ ಪೂರ್ವಜ ಆ ಅಂಟುಚೀಟಿಯೇ.

ಇನ್ನೊಂದು ಎಳೆ ನಮ್ಮದೇ ರಾಜ್ಯದ್ದು. ‘ಕೋಲನ್ ವರ್ಗೀಕರಣ’ದ ಕರ್ತೃ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಸ್ಥಾಪಿಸಿದರು, ಕೊನೆಯ ವರ್ಷಗಳನ್ನು ಅಲ್ಲೇ ಕಳೆದರು. ಯಾವ ವಿಷಯವನ್ನಾದರೂ ಮುಖಗಳಾಗಿ ಬಿಡಿಸಬಹುದು ಎಂಬುದು ಅವರ ಮೂಲ ವಿಚಾರ. ತೀರ ಸರಳ ಮಾಡಿ ಹೇಳುವುದಾದರೆ: ಯಾರು, ಏನು, ಯಾವ ಕ್ರಿಯೆ, ಎಲ್ಲಿ, ಯಾವಾಗ. ಹಾವೇರಿ ಗೋಲಿಬಾರನ್ನು ಹೀಗೆ ಬಿಡಿಸಿದರೆ ಪೊಲೀಸ್, ಬಂದೂಕು, ಗುಂಪು ಚದುರಿಸುವಿಕೆ, ಹಾವೇರಿ, 2008 ಎಂಬ ಐದು ತುಂಡುಗಳು ಸಿಗುತ್ತವೆ. ಸ್ಥಳ, ಕಾಲಗಳಿಗೆ ರಂಗನಾಥನ್ ಕೊನೆಯ ಸ್ಥಾನ ಕೊಟ್ಟಿದ್ದರು. ಹುಡುಕುವಾಗಲೂ ಕೊನೆಯಿಂದ ಒಂದೊಂದನ್ನೇ ಬಿಡುತ್ತ ಬರಬೇಕು. ಹಾವೇರಿಯಲ್ಲಿ ಸಿಗದಿದ್ದರೆ ಕರ್ನಾಟಕ, ಅಲ್ಲೂ ಇಲ್ಲದಿದ್ದರೆ ಭಾರತ, ಕೊನೆಗೆ ಬರೀ ಪೊಲೀಸ್ ಬಲಪ್ರಯೋಗ. ಅರ್ಧ ಶತಮಾನಕ್ಕೂ ಹಿಂದೆ ಕಾರ್ಡಿನ ಪೆಟ್ಟಿಗೆಗಾಗಿ ಹೊಸೆದ ಕ್ರಮ ಕಂಪ್ಯೂಟರಿಗೂ ಹೊಂದುತ್ತದೆ.

ಮುಖ್ಯ ಸೂಚಿಗಳು

ಕ್ಷೇತ್ರದ ಹೆಸರನ್ನೇ ಹೊತ್ತ ನಿಯತಕಾಲಿಕೆ ‘ಕ್ರಿಮಿನಲ್ ಜಸ್ಟಿಸ್ ಎಥಿಕ್ಸ್’. ನ್ಯೂಯಾರ್ಕಿನ ಜಾನ್ ಜೇ ಕಾಲೇಜು 1982ರಲ್ಲಿ ಆರಂಭಿಸಿದ ಪತ್ರಿಕೆ ಇದು. ತತ್ತ್ವಶಾಸ್ತ್ರಜ್ಞ ಜಾನ್ ಕ್ಲೈನಿಗ್ ಬಹುಕಾಲ ಇದನ್ನು ಸಂಪಾದಿಸಿದರು. ಈ ಒಂದು ಪತ್ರಿಕೆಯ ವಿಷಯಸೂಚಿಯನ್ನು ಮೊದಲಿನಿಂದ ತಿರುವಿ ಹಾಕಿದರೆ ಕ್ಷೇತ್ರದ ಶಬ್ದಭಂಡಾರ ಪರಿಚಯವಾಗುತ್ತದೆ. ಅಲ್ಲಿಗೇ ನಿಲ್ಲಬಾರದು. ನೈತಿಕತೆಯ ಒಳ್ಳೆಯ ಲೇಖನಗಳಲ್ಲಿ ಬಹಳಷ್ಟು ‘ನೈತಿಕತೆ’ ಎಂಬ ಪದವನ್ನೇ ಶೀರ್ಷಿಕೆಯಲ್ಲಿ ಬಳಸುವುದಿಲ್ಲ.

ಅಪರಾಧಶಾಸ್ತ್ರದ ಕಡೆಯಿಂದ ನೋಡಿದರೆ ‘ಕ್ರಿಮಿನಲ್ ಜಸ್ಟಿಸ್ ಅಬ್‌ಸ್ಟ್ರಾಕ್ಟ್ಸ್’ ಪ್ರಮುಖ. ಮುದ್ರಿತ ಸಾರಸೂಚಿಯಾಗಿ ಹುಟ್ಟಿದ ಇದು ಈಗ ಎಬ್ಸ್ಕೋ ಸಂಸ್ಥೆಯ ಡೇಟಾಬೇಸ್. 1975ರಲ್ಲಿ ಆರಂಭವಾದ ‘ಕ್ರಿಮಿನಲ್ ಜಸ್ಟಿಸ್ ಪೀರಿಯಾಡಿಕಲ್ ಇಂಡೆಕ್ಸ್’ ಇಂದು ಪ್ರೊಕ್ವೆಸ್ಟ್ ಸಂಸ್ಥೆಯ ಸಂಗ್ರಹದಲ್ಲಿದೆ. ಎರಡಕ್ಕೂ ಚಂದಾ ಬೇಕು. ಚಂದಾ ಬೇಡದ್ದು ಅಮೆರಿಕ ಸರ್ಕಾರದ ‘ಎನ್‌ಸಿಜೆಆರ್‌ಎಸ್’ ಸಾರಾಂಶ ಸಂಗ್ರಹ. 1972ರಿಂದ ಕೂಡಿಬಂದ ಈ ಸಂಗ್ರಹವನ್ನು ರಾಣೇಬೆನ್ನೂರಿನಲ್ಲಿ ಕೂತವರೂ ಪುಕ್ಕಟೆಯಾಗಿ ಹುಡುಕಬಹುದು. ಅದರ ದೃಷ್ಟಿ ಮಾತ್ರ ಅಮೆರಿಕದ್ದು ಎಂಬುದು ನೆನಪಿರಲಿ.

ತತ್ತ್ವಶಾಸ್ತ್ರದ ಬಾಗಿಲಿಂದ ಹೋಗುವವರಿಗೆ 1967ರಲ್ಲಿ ಶುರುವಾದ ‘ಫಿಲಾಸಫರ್ಸ್ ಇಂಡೆಕ್ಸ್’ ಇದೆ. 2009ರಲ್ಲಿ ಡೇವಿಡ್ ಬೂರ್ಜೆ ಮತ್ತು ಡೇವಿಡ್ ಚಾಮರ್ಸ್ ಕಟ್ಟಿದ ‘ಫಿಲ್‌ಪೇಪರ್ಸ್’ ಹುಡುಕಾಟಕ್ಕೆ ಹೆಚ್ಚು ಸುಲಭ. ಶಿಕ್ಷೆಯ ಸಮರ್ಥನೆ, ಮರಣದಂಡನೆ, ಪೊಲೀಸ್ ವಿವೇಚನೆಯಂಥ ವಿಷಯಗಳಿಗೆ ಕಾನೂನು ಸೂಚಿಗಳು ಕೊಡದ ಲೇಖನಗಳನ್ನು ಇವು ಕೊಡುತ್ತವೆ.

ಭಾರತದ ಮಟ್ಟಿಗೆ ಅಡಿಗಲ್ಲು ಎನ್ನಬೇಕಾದ್ದು ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ 1963ರಿಂದ ಹೊರತರುತ್ತಿರುವ ‘ಇಂಡೆಕ್ಸ್ ಟು ಇಂಡಿಯನ್ ಲೀಗಲ್ ಪೀರಿಯಾಡಿಕಲ್ಸ್’. ಹೊಳಪಿಲ್ಲದ ಈ ಸಂಪುಟಗಳನ್ನು ಇಂದಿನ ವಿದ್ಯಾರ್ಥಿಗಳು ಮುಟ್ಟುವುದು ಕಡಿಮೆ. ಆದರೆ ಅಂತರ್ಜಾಲಕ್ಕೆ ಇನ್ನೂ ಏರದ ಹಳೆಯ ಭಾರತೀಯ ಕಾನೂನು ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಕೈದೀವಿಗೆ ಇಲ್ಲ. ತೀರ್ಪುಗಳಿಗೆ ಎಸ್‌ಸಿಸಿ ಆನ್‌ಲೈನ್, ಮನುಪಾತ್ರ, ಪುಕ್ಕಟೆ ಸಿಗುವ ಇಂಡಿಯನ್ ಕಾನೂನ್ ಇವೆ. ಸುಶಾಂತ್ ಸಿನ್ಹಾ 2008ರಲ್ಲಿ ಆರಂಭಿಸಿದ ಇಂಡಿಯನ್ ಕಾನೂನ್, ಒಂದು ತೀರ್ಪನ್ನು ಉಲ್ಲೇಖಿಸಿದ ಮುಂದಿನ ತೀರ್ಪುಗಳನ್ನೂ ತೋರಿಸುತ್ತದೆ.

ಪಿಎಚ್.ಡಿ. ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿರುವುದರಿಂದ ಉತ್ತರ ಕರ್ನಾಟಕದ ಪೊಲೀಸ್ ಠಾಣೆ, ಜೈಲುಗಳ ಕುರಿತ ಕೆಲಸ ಹುಡುಕುವವರು ಮೊದಲು ಇಣುಕಬೇಕಾದ್ದು ಅಲ್ಲಿ. ಇಂಥ ಪ್ರಬಂಧದ ಕೊನೆಯಲ್ಲಿರುವ ಗ್ರಂಥಋಣ ಎಷ್ಟೋ ಸಲ ಪ್ರಬಂಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮ ಮಾತು, ಸೂಚಿಯ ಮಾತು

ಪಾಶ್ಚಾತ್ಯ ಸೂಚಿಗಳಲ್ಲಿ ಹುಡುಕಬೇಕಾದ್ದು ಇಂಗ್ಲಿಷಿನಲ್ಲಿ, ಅದೂ ಅವರ ಇಂಗ್ಲಿಷಿನಲ್ಲಿ. ನಮ್ಮ ‘ವಿಚಾರಣಾಧೀನ ಕೈದಿ’ಗೆ ಭಾರತದ ಲೇಖಕರು ‘ಅಂಡರ್‌ಟ್ರಯಲ್’ ಎನ್ನುತ್ತಾರೆ. ಅಮೆರಿಕದ ಸೂಚಿಯಲ್ಲಿ ಅದು ‘ಪ್ರಿಟ್ರಯಲ್ ಡಿಟೆನ್ಷನ್’, ಬ್ರಿಟನ್ನಿನಲ್ಲಿ ‘ರಿಮಾಂಡ್’. ಗೋಲಿಬಾರ್ ಇಲ್ಲಿ ‘ಪೊಲೀಸ್ ಫೈರಿಂಗ್’, ಅಲ್ಲಿ ‘ಯೂಸ್ ಆಫ್ ಡೆಡ್ಲಿ ಫೋರ್ಸ್’. ನಾವು ‘ಎನ್‌ಕೌಂಟರ್’ ಎಂದು ಕರೆಯುವುದನ್ನು ಹೊರಗಿನ ಸೂಚಿಗಳು ‘ಎಕ್ಸ್‌ಟ್ರಾಜುಡಿಷಿಯಲ್ ಕಿಲ್ಲಿಂಗ್’ ಎಂಬಲ್ಲಿ ಇಟ್ಟಿರುತ್ತವೆ. ‘ಥರ್ಡ್ ಡಿಗ್ರಿ’ ಹುಡುಕುವವರು ‘ಟಾರ್ಚರ್’, ‘ಕೋಅರ್ಸಿವ್ ಇಂಟರಾಗೇಷನ್’ ಎರಡನ್ನೂ ನೋಡಬೇಕು. ‘ನೈತಿಕ ಪೊಲೀಸ್‌ಗಿರಿ’ಯದು ಇನ್ನೊಂದು ತೊಡಕು. ಪೊಲೀಸರ ನೈತಿಕತೆಯ ಲೇಖನ ಬಯಸಿದವರಿಗೆ ಬೀದಿಯ ಗುಂಪುಗಳ ಕತೆ ಸಿಗುತ್ತದೆ, ಆ ಗುಂಪುಗಳ ಬಗ್ಗೆಯೇ ಬೇಕಿದ್ದವರು ‘ವಿಜಿಲಾಂಟಿಸಂ’ ಎಂದು ಕೇಳಿದರೆ ಒಳ್ಳೆಯ ಲೇಖನಗಳಿಗೆ ತಲುಪುತ್ತಾರೆ.

ಹಳೆಯ ಪದ ನೋವು ಕೊಡುವಂಥದಾಗಿದ್ದರೂ ಹುಡುಕುವವರು ಅದನ್ನು ಬಳಸಲೇಬೇಕಾದ ಸಂದರ್ಭವಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತ್ತು. ಇಂಥ ಸಮುದಾಯಗಳನ್ನು ಕೂಡಿಹಾಕಿದ ಬಾಂಬೆ ಪ್ರಾಂತ್ಯದ ಸೆಟ್ಲ್‌ಮೆಂಟುಗಳಲ್ಲಿ ಕೆಲವು ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿದ್ದವು. 1952ರಲ್ಲಿ ಕಾಯಿದೆ ರದ್ದಾಗಿ ‘ವಿಮುಕ್ತ ಬುಡಕಟ್ಟುಗಳು’ ಎಂಬ ಹೆಸರು ಬಂತು. ಅದಕ್ಕೂ ಹಿಂದಿನ ಲೇಖನ, ವರದಿಗಳು ಸೂಚಿಗಳಲ್ಲಿ ಇಂದಿಗೂ ಹಳೆಯ ಹೆಸರಿನಲ್ಲೇ ಕೂತಿವೆ. 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಧಾರವಾಡ ಸಂಪುಟ ಓದುವವರಿಗೂ ಅದೇ ಭಾಷೆ ಎದುರಾಗುತ್ತದೆ. ವರ್ಗೀಕರಿಸುವವನ ಪೂರ್ವಗ್ರಹ ಹೇಗೆ ಉಳಿದುಕೊಳ್ಳುತ್ತದೆ ಎಂಬುದಕ್ಕೆ ಈ ಶೀರ್ಷಿಕೆಗಳೇ ಸಾಕ್ಷ್ಯ. ನೈತಿಕತೆಯ ವಿದ್ಯಾರ್ಥಿಗೆ ಇದು ಬರೀ ತಾಂತ್ರಿಕ ಅಡಚಣೆಯಲ್ಲ, ಅಧ್ಯಯನದ ವಸ್ತುವೂ ಹೌದು.

ಕಲಂಗಳ ಅದಲುಬದಲು

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದವು. ಸೂಚಿ ಬಳಸುವವರಿಗೆ ಇದರಿಂದ ಆದ ಗೊಂದಲ ಸಣ್ಣದಲ್ಲ. ಕೊಲೆಯ 302 ಈಗ 103. ಎಫ್‌ಐಆರ್ ದಾಖಲಿಸುವ 154 ಈಗ 173. ಕಾನೂನುಬಾಹಿರ ಕೂಟವನ್ನು ಚದುರಿಸುವ 129ರ ವಿಷಯ ಈಗ 148ರಲ್ಲಿದೆ. ಎಲ್ಲಕ್ಕಿಂತ ಮೋಸಗೊಳಿಸುವುದು 482. ಹಳೆಯ ಸಿಆರ್‌ಪಿಸಿಯಲ್ಲಿ ಅದು ಹೈಕೋರ್ಟಿನ ಅಂತರ್ಗತ ಅಧಿಕಾರ, ಹೊಸ ಸಂಹಿತೆಯಲ್ಲಿ ನಿರೀಕ್ಷಣಾ ಜಾಮೀನು. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಬರೀ ‘482’ ಎಂದು ಹುಡುಕಿದರೆ ಎರಡು ಬೇರೆ ಬೇರೆ ಲೋಕಗಳು ಕಲಸಿಕೊಂಡು ಬರುತ್ತವೆ. ಕಾಯಿದೆಯ ಹೆಸರು, ಕಲಂ, ವಿಷಯದ ಪದ ಈ ಮೂರನ್ನೂ ಕೂಡಿಸಿ ಕೇಳುವುದು, ಹಳೆಯ ಹೊಸ ಸಂಖ್ಯೆಗಳೆರಡನ್ನೂ ಕೊಡುವುದು ಸದ್ಯಕ್ಕೆ ಅನಿವಾರ್ಯ. ದಂಡ ಸಂಹಿತೆಯ ಕುರಿತ ಒಂದೂವರೆ ಶತಮಾನದ ವಿದ್ವತ್ತು ಹಳೆಯ ಸಂಖ್ಯೆಗಳಲ್ಲೇ ಇದೆ.

ಕೆಲವು ಹುಡುಕಾಟಗಳು

ಹಾವೇರಿಯ 2008ರ ಗೋಲಿಬಾರ್ ಕುರಿತು ಬರೆಯುವವರಿಗೆ ದಾರಿ ಹೀಗೆ ತೆರೆದುಕೊಳ್ಳುತ್ತದೆ. ಸಿಆರ್‌ಪಿಸಿಯ 129ರಿಂದ 132ರವರೆಗಿನ ಕಲಂಗಳು ಗುಂಪು ಚದುರಿಸುವ ಅಧಿಕಾರವನ್ನೂ ಅಧಿಕಾರಿಗಳಿಗಿರುವ ರಕ್ಷಣೆಯನ್ನೂ ಹೇಳುತ್ತವೆ. 197ನೇ ಕಲಂ ಪೂರ್ವಾನುಮತಿಯನ್ನು ಕುರಿತದ್ದು. ಇವನ್ನು ಹಿಡಿದು ಇಂಡಿಯನ್ ಲಾ ಇನ್‌ಸ್ಟಿಟ್ಯೂಟಿನ ಸೂಚಿಯಲ್ಲಿ, ಆಮೇಲೆ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯ ಸಂಗ್ರಹದಲ್ಲಿ ಹುಡುಕಬೇಕು. ಮುಂದೆ 1990ರ ವಿಶ್ವಸಂಸ್ಥೆಯ ಬಲಪ್ರಯೋಗ ಮತ್ತು ಬಂದೂಕು ಬಳಕೆಯ ಮೂಲತತ್ತ್ವಗಳು ಎಂಬ ದಸ್ತಾವೇಜಿನ ಹೆಸರನ್ನು ಕೀಲಿಪದವಾಗಿ ಬಳಸಿದರೆ ತತ್ತ್ವಶಾಸ್ತ್ರದ, ಹೋಲಿಕೆಯ ಅಧ್ಯಯನಗಳ ಬಾಗಿಲು ತೆರೆಯುತ್ತದೆ. ಅನಿವಾರ್ಯತೆ, ಪ್ರಮಾಣಬದ್ಧತೆ ಎಂಬ ಎರಡು ಪರಿಕಲ್ಪನೆಗಳ ಸುತ್ತ ಅಲ್ಲಿ ಬೇಕಾದಷ್ಟು ಚರ್ಚೆಯಿದೆ. ಹಾವೇರಿಯ ಹೆಸರು ಆ ಲೇಖನಗಳಲ್ಲಿ ಇಲ್ಲದಿದ್ದರೂ ಹಾವೇರಿಯಲ್ಲಿ ಕೇಳಬೇಕಾದ ಪ್ರಶ್ನೆ ಅದೇ: ಗುಂಡಿಗಿಂತ ಕಡಿಮೆ ಹಾನಿಯ ಯಾವ ಉಪಾಯ ಕೈಯಲ್ಲಿತ್ತು?

ಬ್ಯಾಡಗಿಯ ಪ್ರಕರಣದ ಗಂಟು ಬೇರೆ. ಸಾವಿರಾರು ಜನ ಸೇರಿದ ಕಡೆ ಕಲ್ಲೆಸೆದವನಾರು, ನೋಡುತ್ತ ನಿಂತವನಾರು? ಘಟನೆ ಹೊಸ ಸಂಹಿತೆಗಿಂತ ಮೊದಲಿನದಾದ್ದರಿಂದ ಕಾನೂನುಬಾಹಿರ ಕೂಟದ ಐಪಿಸಿ 149ನೇ ಕಲಂ ಇಲ್ಲಿ ಹುಡುಕಾಟದ ಬೇರು. 1964ರ ಮಸಾಲ್ತಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನಿಂದ ಉಲ್ಲೇಖಗಳ ಜಾಡು ಹಿಡಿದು ಇತ್ತ ಬಂದರೆ ಸಾಮೂಹಿಕ ಹೊಣೆಯ ಕುರಿತ ಲೇಖನಗಳು ಒಂದೊಂದಾಗಿ ಸಿಗುತ್ತವೆ.

ರಾಣೇಬೆನ್ನೂರಿನಲ್ಲಿ ಆರ್.ಟಿ.ಇ.ಎಸ್. ಕಾನೂನು ಕಾಲೇಜು ಇದೆ. ರಾಜ್ಯದ ಇತರ ಕಾನೂನು ಕಾಲೇಜುಗಳಂತೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ವೃತ್ತಿಧರ್ಮ ಅಲ್ಲಿನ ಕಡ್ಡಾಯ ಪತ್ರಿಕೆ. ಅದಕ್ಕೊಂದು ಜೀವಂತ ಉದಾಹರಣೆ ನೂರು ಕಿಲೋಮೀಟರ್ ಸುಮಾರಿನಲ್ಲೇ ಇದೆ. 2020ರ ಫೆಬ್ರವರಿಯಲ್ಲಿ ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ವಕಾಲತ್ತು ವಹಿಸಬಾರದೆಂದು ಹುಬ್ಬಳ್ಳಿ ವಕೀಲರ ಸಂಘ ಠರಾವು ಮಾಡಿತು. ಕರ್ನಾಟಕ ಹೈಕೋರ್ಟು ಇದನ್ನು ಕಟುವಾಗಿ ಟೀಕಿಸಿತು. ಇಂಥ ಠರಾವುಗಳು ವೃತ್ತಿಧರ್ಮಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು 2010ರಲ್ಲೇ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಹೇಳಿತ್ತು. ಈ ವಿಷಯಕ್ಕೆ ಬ್ರಿಟಿಷ್ ಪರಂಪರೆಯ ಲೇಖನಗಳಲ್ಲಿ ‘ಕ್ಯಾಬ್ ರ್‍ಯಾಂಕ್ ರೂಲ್’ ಎಂಬುದೇ ಕೀಲಿಪದ. ಅಮೆರಿಕದ ಸೂಚಿಗಳಲ್ಲಿ ‘ಅನ್‌ಪಾಪ್ಯುಲರ್ ಕ್ಲೈಂಟ್ಸ್’ ಎಂದು ಕೇಳಬೇಕು.

ಕರ್ನಾಟಕದ ಹೆಸರೇ ಹೊತ್ತ ಎರಡು ಹೊಕ್ಕುಬಾಗಿಲುಗಳನ್ನು ಇಲ್ಲಿ ಹೇಳಲೇಬೇಕು. ಒಂದು, 2010ರ ಮೇ 5ರ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪು. ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಮೂರನ್ನೂ ಸುಪ್ರೀಂ ಕೋರ್ಟು ಅಸಾಂವಿಧಾನಿಕ ಎಂದಿತು. ವೈದ್ಯನೀತಿ, ನರವಿಜ್ಞಾನ, ಕಾನೂನು ಮೂರೂ ಕಡೆಯ ಪತ್ರಿಕೆಗಳು ಇದನ್ನು ಚರ್ಚಿಸಿರುವುದರಿಂದ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲೂ ಹುಡುಕಬೇಕು. ಇನ್ನೊಂದು, ಹುಬ್ಬಳ್ಳಿಯಲ್ಲಿ ಹುಟ್ಟಿದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿ 2003ರಲ್ಲಿ ಕೊಟ್ಟ ಅಪರಾಧ ನ್ಯಾಯ ಸುಧಾರಣೆಯ ವರದಿ. ಹಿರಿಯ ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಗೆ ಸಾಕ್ಷ್ಯದ ಬೆಲೆ ಕೊಡಬೇಕು, ಸಂಶಯಾತೀತ ರುಜುವಾತಿನ ಮಟ್ಟವನ್ನು ಸಡಿಲಿಸಬೇಕು ಎಂಬ ಅದರ ಶಿಫಾರಸುಗಳಿಗೆ ಭಾರೀ ವಿರೋಧ ಬಂತು. ಆ ವಿರೋಧವೇ ಸೂಚಿಗಳಲ್ಲಿ ಉದ್ದನೆಯ ಪಟ್ಟಿಯಾಗಿದೆ. ಭಾರತದ ಅಪರಾಧ ನ್ಯಾಯದ ನೈತಿಕತೆಯ ಚರ್ಚೆಯನ್ನು ಒಂದೇ ಹೆಸರಿನಿಂದ ಹಿಡಿಯಬೇಕೆಂದರೆ ‘ಮಳಿಮಠ ಸಮಿತಿ’ಗಿಂತ ಒಳ್ಳೆಯ ಕೀಲಿಪದ ಇಲ್ಲ.

ಕೈಗೆ ಸಿಗುವುದು, ನಂಬಬಹುದಾದ್ದು

ಸೂಚಿ ಹೇಳಿದ ಲೇಖನ ಕೈಗೆ ಬರುವುದು ಬೇರೆ ಮಾತು. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ 2025ರ ಜನವರಿಯಲ್ಲಿ ಆರಂಭವಾಯಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು. ಮೊದಲ ಹಂತವನ್ನು ರೂಪಿಸಿದ್ದು ಸರ್ಕಾರಿ ಸಂಸ್ಥೆಗಳಿಗಾಗಿ. ತಾಲೂಕು ಕೇಂದ್ರಗಳಲ್ಲಿ ಕಾನೂನು ಶಿಕ್ಷಣ ಬಹುತೇಕ ಖಾಸಗಿ ವಿದ್ಯಾಸಂಸ್ಥೆಗಳ ಕೈಯಲ್ಲಿರುವುದರಿಂದ ಈ ವಿಂಗಡಣೆ ಇಲ್ಲಿಯ ವಿದ್ಯಾರ್ಥಿಗಳಿಗೆ ಚುಚ್ಚುತ್ತದೆ. ಕಾಲೇಜುಗಳಿಗಾಗಿ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್, ಮುಕ್ತ ಪತ್ರಿಕೆಗಳ ಕೋಶವಾದ ಡಿಒಎಜೆ, ಗ್ರಂಥಾಲಯಗಳ ನಡುವೆ ಪ್ರತಿ ತರಿಸಿಕೊಡುವ ಡೆಲ್‌ನೆಟ್ ಕೆಲವು ಪರ್ಯಾಯಗಳು. ಲೇಖಕರಿಗೇ ಇಮೇಲ್ ಬರೆದು ಪ್ರತಿ ಕೇಳುವುದು ವಿದ್ವತ್ ಲೋಕದಲ್ಲಿ ಒಪ್ಪಿತವಾದ ರೂಢಿ. ಸಂಕೋಚಪಡಬೇಕಾಗಿಲ್ಲ.

ಸೂಚಿಯಲ್ಲಿದೆ ಎಂದ ಮಾತ್ರಕ್ಕೆ ಲೇಖನ ಗಟ್ಟಿ ಎಂದಲ್ಲ. ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳನ್ನು ದೂರವಿಡಲು ಯುಜಿಸಿ 2018ರಲ್ಲಿ ತಂದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ. ಈಗ ಜರಡಿ ಹಿಡಿಯುವ ಕೆಲಸ ಓದುಗ ಮತ್ತು ಸಂಸ್ಥೆಗಳದ್ದೇ. ಇನ್ನು ಇಲ್ಲದ ಮೂಲಗಳನ್ನು ಹೊಸೆದು ಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳ ಕಾಲದಲ್ಲಿ ಸೂಚಿಗೆ ಹೊಸದೊಂದು ಕೆಲಸ ಬಂದಿದೆ: ಉಲ್ಲೇಖ ನಿಜಕ್ಕೂ ಇದೆಯೇ ಎಂದು ಖಾತ್ರಿಪಡಿಸುವುದು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ನುಸುಳಿದ್ದರಿಂದ ಅದನ್ನು ಹಿಂಪಡೆಯಬೇಕಾಯಿತು. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ಕೆಳ ನ್ಯಾಯಾಲಯವೊಂದು ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಆಧರಿಸಿದ್ದನ್ನು ಗಂಭೀರವಾಗಿ ಪರಿಗಣಿಸಿತು.

ಕನ್ನಡದ ಬರಹಗಳಿಗೆ ಈ ಯಾವ ಸೂಚಿಯೂ ಸಾಲದು. ಕೊಲ್ಕತ್ತದ ಕೇಂದ್ರೀಯ ಪರಾಮರ್ಶನ ಗ್ರಂಥಾಲಯ ಭಾರತೀಯ ಭಾಷೆಗಳ ನಿಯತಕಾಲಿಕೆಗಳಿಗೆಂದು ‘ಇಂಡೆಕ್ಸ್ ಇಂಡಿಯಾನಾ’ ಎಂಬ ಲೇಖನಸೂಚಿ ಹೊರತಂದದ್ದುಂಟು. ಆದರೆ ಹಾವೇರಿಯ ಗೋಲಿಬಾರ್, ಬ್ಯಾಡಗಿಯ ಗಲಭೆಗಳ ಬಗ್ಗೆ ಕನ್ನಡದಲ್ಲಿ ಬಂದ ವಿಶ್ಲೇಷಣೆ ಇರುವುದು ದಿನಪತ್ರಿಕೆಗಳ ಸಂಪಾದಕೀಯ ಪುಟ, ಸಂಘಟನೆಗಳ ಪುಸ್ತಿಕೆ, ವಿಧಾನಮಂಡಲದ ಚರ್ಚೆಯ ನಡಾವಳಿಗಳಲ್ಲಿ. ಅಲ್ಲಿ ಊರಿನ ಹೆಸರು, ತಾರೀಖು ಎರಡೂ ಕೆಲಸಕ್ಕೆ ಬರುತ್ತವೆ. ತಾರೀಖು ಹಿಡಿದು ಗ್ರಂಥಾಲಯದ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಬೇಕು, ಘಟನೆಯ ದಿನದಿಂದ ಮುಂದಿನ ಅಧಿವೇಶನದವರೆಗಿನ ಪುಟಗಳನ್ನು ಒಂದೊಂದಾಗಿ ನೋಡಬೇಕು.